ಹದ್ದು ಹೆದರಿಕೊಂಡೇ ಹಾರಿಹೋಗಲಿ

ಪ್ರಶ್ನೆ: ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ, ಕರಡನ್ನು ಜೊತೆಗೆ ಕಳಿಸಿದ್ದೇನೆ. ನಾಯಕಿ ಸುಮಾ, 28 ವರ್ಷ. ಸ್ಕೂಟರ್ ಅಪಘಾತದಲ್ಲಿ ತಂಗಿ ತೀರಿಕೊಂಡಳು, ಇವಳು ಉಳಿದಳು. ಆರು ತಿಂಗಳಾದರೂ ಸರಿಯಾಗಿ ನಿದ್ದೆಯಿಲ್ಲ, ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಬೆಂಗಳೂರಿನ ವನ್ಯಜೀವಿ ಆಸ್ಪತ್ರೆಯೊಂದಕ್ಕೆ ಸ್ವಯಂಸೇವಕಿಯಾಗಿ ಸೇರುತ್ತಾಳೆ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿದ ಹದ್ದೊಂದನ್ನು ಮೊದಲ ದಿನದಿಂದ ತಾನೇ ನೋಡಿಕೊಳ್ಳುತ್ತಾಳೆ, ಮಾತಾಡಿಸುತ್ತಾಳೆ, ಕೈಯಾರೆ ತಿನ್ನಿಸುತ್ತಾಳೆ. ಹದ್ದು ನಿಧಾನಕ್ಕೆ ಅವಳನ್ನು ನಂಬುತ್ತದೆ, ಅವಳೂ ಮನುಷ್ಯರನ್ನು ನಂಬಲು ಕಲಿಯುತ್ತಾಳೆ. ಕೊನೆಗೆ ಹಾರಿಬಿಟ್ಟ ಹದ್ದು ಒಂದು ಸುತ್ತು ಹಾಕಿ ಬಂದು ಅವಳ ತೋಳಿನ ಮೇಲೆ ಕೂರುತ್ತದೆ, ಅವಳು ಅಳುತ್ತಾಳೆ. ಈ ಕೆಲಸ ಬಲ್ಲವರಿಗೆ ಇದು ನಂಬುವಂತಿದೆಯೇ?

ಉತ್ತರ: ಕೊನೆಯ ದೃಶ್ಯದಿಂದಲೇ ಶುರು ಮಾಡೋಣ, ಕತೆಯ ಬೆನ್ನುಮೂಳೆ ಮುರಿಯುವುದು ಅಲ್ಲೇ. ಹಾರಿಬಿಟ್ಟ ಹದ್ದು ವಾಪಸ್ ಬಂದು ತೋಳಿನ ಮೇಲೆ ಕೂತರೆ ಓದುಗರ ಕಣ್ಣು ತುಂಬಬಹುದು. ಆಸ್ಪತ್ರೆಯವರ ಲೆಕ್ಕದಲ್ಲಿ ಮಾತ್ರ ಅದು ಸೋಲು. ಸುಮಾಳ ತೋಳಿಗೆ ಬಂದ ಹದ್ದು ಸಂಜೆಗೆ ಇನ್ಯಾರದೋ ಮಹಡಿಯ ಮೇಲೆ ಇಳಿಯುತ್ತದೆ, ಮಗುವಿನ ಕೈಯಲ್ಲಿರುವ ತಿಂಡಿಗೆ ಎಗರುತ್ತದೆ. ಉಗುರು ತಾಗಿ ಮಗುವಿನ ಕೈಯಲ್ಲಿ ರಕ್ತ ಬಂದರೆ ಮನೆಯವರು ಕೋಲು ಹಿಡಿದು ಬರುತ್ತಾರೆ. ಮನುಷ್ಯರನ್ನು ಕಂಡರೆ ದೂರ ಹೋಗುವುದೇ ಕಾಡುಹಕ್ಕಿಗೆ ಇರುವ ಕಾವಲು. ಬಂದ ದಿನ ಎಷ್ಟು ಹೆದರುತ್ತಿತ್ತೋ ಹೋಗುವ ದಿನವೂ ಅಷ್ಟೇ ಹೆದರಬೇಕು, ಹತ್ತು ವಾರ ಅದರ ಕೂಡ ಇದ್ದವರ ಕೆಲಸ ಕೆಟ್ಟಿಲ್ಲ ಎನ್ನುವುದಕ್ಕೆ ಗುರುತು ಅದು. ಹಾಗಾಗಿ ನಿಮ್ಮ ಕಾದಂಬರಿಯ 'ನಂಬಿಕೆ'ಯನ್ನು ಹದ್ದಿನಿಂದ ತೆಗೆದು ಬೇರೆ ಕಡೆ ಇಡಬೇಕಾಗುತ್ತದೆ. ಎಲ್ಲಿಡಬಹುದು ಎಂಬುದು ಆಸ್ಪತ್ರೆಯ ದಿನಚರಿಯನ್ನು ನೋಡಿದರೆ ತಾನಾಗಿಯೇ ತಿಳಿಯುತ್ತದೆ, ಅದಕ್ಕೇ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಒಂದೆರಡು ತಿದ್ದುಪಡಿ. ನೀವು ಕಳಿಸಿದ ಕರಡಿನಲ್ಲಿ ಒಮ್ಮೆ ಹದ್ದು, ಒಮ್ಮೆ ಗರುಡ ಎಂದು ಬರೆದಿದ್ದೀರಿ. ಬೆಳ್ಳಗಿನ ತಲೆ, ಇಟ್ಟಿಗೆ ಬಣ್ಣದ ಮೈ ಇರುವುದು ಗರುಡ. ಮಾಂಸದಂಗಡಿಗಳ ಮೇಲೆ ಸುತ್ತುವ, ಕವಲು ಬಾಲದ ಕಂದು ಹಕ್ಕಿ ಹದ್ದು. ಬೆಂಗಳೂರಿನಲ್ಲಿ ದಾರಕ್ಕೆ ಸಿಕ್ಕಿ ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಇದೇ. ಅದರ ತೂಕ 'ಎರಡು ಕೆಜಿ' ಇರುವುದಿಲ್ಲ, ಸುಮಾರು 600ರಿಂದ 800 ಗ್ರಾಂ ಅಷ್ಟೆ. ರೆಕ್ಕೆ ಬಿಚ್ಚಿದರೆ ನಾಲ್ಕೂವರೆ ಅಡಿ. ಆಕಾಶದಲ್ಲಿ ಅಷ್ಟು ದೊಡ್ಡದಾಗಿ ಕಂಡ ಹಕ್ಕಿ ಕೈಗೆ ಬಂದಾಗ ಒಂದು ಕೆಜಿ ಸಕ್ಕರೆ ಪೊಟ್ಟಣಕ್ಕಿಂತ ಹಗುರ ಎಂದು ಗೊತ್ತಾಗುವ ಗಳಿಗೆ ಕಾದಂಬರಿಯಲ್ಲಿ ಖಂಡಿತ ಇರಲಿ.

ಕಾಲವನ್ನು ಆಷಾಢಕ್ಕೆ ಇಡಿ. ನಮ್ಮ ಕಡೆ ಗಾಳಿಪಟ ಏರುವುದು ಆಷಾಢದ ಗಾಳಿಗೆ. ನೈಲಾನ್ ಮತ್ತು ಸಿಂಥೆಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ, ಆದರೂ ದಾರ ಸಿಗುತ್ತದೆ. ಹರಿದ ಗಾಳಿಪಟದ ದಾರ ಮರಕ್ಕೆ ತೊಡರಿಕೊಂಡು ತಿಂಗಳುಗಟ್ಟಲೆ ತೂಗಾಡುತ್ತದೆ. ಗಾಜಿನ ಪುಡಿ ಸವರಿದ ಆ ದಾರ ಹಾರುವ ಹಕ್ಕಿಯ ರೆಕ್ಕೆಯ ಮುಂಭಾಗಕ್ಕೆ ತಾಗುತ್ತದೆ. ಹಕ್ಕಿ ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಗರಗಸದ ಹಾಗೆ ಒಳಕ್ಕೆ ಇಳಿಯುತ್ತದೆ. ನಿಮ್ಮ ದೃಶ್ಯದಲ್ಲಿ ಸುಮಾ ದಾರವನ್ನು 'ಎಳೆದು ಬಿಡಿಸುತ್ತಾಳೆ'. ಎಳೆಯಬಾರದು, ಎಳೆದರೆ ಉಳಿದ ಚರ್ಮವೂ ಕತ್ತರಿಸಿಹೋಗುತ್ತದೆ. ಮರದ ಕಡೆಗೆ ಹೋಗುವ ದಾರವನ್ನು ಒಂದಡಿ ಬಿಟ್ಟು ಕತ್ತರಿಸಿ, ಮೈಗೆ ಸುತ್ತಿದ ದಾರದ ಸಮೇತ ಹಕ್ಕಿಯನ್ನು ತರಬೇಕು. ಬಿಡಿಸುವುದು ವೈದ್ಯರ ಮೇಜಿನ ಮೇಲೆ.

ತರುವುದಕ್ಕೆ ಬೇಕಾದದ್ದು ಗಾಳಿಯಾಡಲು ನಾಲ್ಕಾರು ತೂತು ಮಾಡಿದ ರಟ್ಟಿನ ಪೆಟ್ಟಿಗೆ, ತಳಕ್ಕೆ ಕಾಲು ಜಾರದಂತೆ ಹಳೇ ಟವೆಲ್. ಕಂಬಿಯ ಪಂಜರದಲ್ಲಿ ತಂದರೆ ಹಕ್ಕಿ ಕಂಬಿಗೆ ಬಡಿದುಕೊಂಡು ಬಾಲದ, ರೆಕ್ಕೆಯ ಗರಿ ಮುರಿದುಕೊಳ್ಳುತ್ತದೆ. ಮುರಿದ ಗರಿ ಮುಂದಿನ ಗರಿ ಉದುರುವ ಕಾಲದವರೆಗೆ ಬೆಳೆಯುವುದಿಲ್ಲ. ಕತ್ತಲೆಯೇ ಹದ್ದಿಗೆ ಮೊದಲ ಔಷಧಿ, ಏನೂ ಕಾಣದಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಬಾಯಿಗೆ ನೀರು ಹಾಕುವುದಂತೂ ಬೇಡವೇ ಬೇಡ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ಬಾಟಲಿ ಮುಚ್ಚಳದಿಂದ ಸುರಿದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕರುಣೆಯಿಂದ ಹಾಕಿದ ಎರಡು ಚಮಚ ನೀರಿಗೆ ಎಷ್ಟೋ ಹಕ್ಕಿ ಸಾಯುತ್ತವೆ. ಮನೆಯಲ್ಲಿ ಇಟ್ಟುಕೊಂಡು ಸಾಕುವ ಹಾಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು.

ಆಸ್ಪತ್ರೆಗೆ ಬಂದ ಕೂಡಲೇ ಹೊಲಿಗೆ ಹಾಕುವುದಿಲ್ಲ. ಮೊದಲು ತೂಕ, ಆಮೇಲೆ ದ್ರವ. ನಿಮ್ಮ ಹದ್ದು 560 ಗ್ರಾಂ ಇದೆ ಎಂದಿಟ್ಟುಕೊಳ್ಳಿ. ದಿನವಿಡೀ ಮರದಲ್ಲಿ ನೇತಾಡಿದ ಹಕ್ಕಿಯ ಮೈಯಲ್ಲಿ ಹತ್ತನೇ ಒಂದು ಪಾಲಿನಷ್ಟು ನೀರು ಕಡಿಮೆಯಾಗಿದೆ ಎಂದು ಹಿಡಿಯುವುದು ರೂಢಿ, ಅಂದರೆ 56 ಮಿಲಿ. ದಿನದ ಖರ್ಚಿಗೆ ಕೆಜಿಗೆ 50 ಮಿಲಿಯಂತೆ ಇನ್ನೊಂದು 28. ಕೊರತೆಯ ಅರ್ಧವನ್ನು ಮೊದಲ ದಿನ, ಉಳಿದದ್ದನ್ನು ಮುಂದಿನ ಎರಡು ದಿನ ತುಂಬುತ್ತಾರೆ. ಮೊದಲ ದಿನ ಒಟ್ಟು 56 ಮಿಲಿ ಆಯಿತು. ಹತ್ತು ಹತ್ತು ಮಿಲಿಯಂತೆ ಐದಾರು ಸಲ, ಹಕ್ಕಿಯ ಮೈ ಬಿಸಿಯಷ್ಟೇ ಬೆಚ್ಚಗೆ ಮಾಡಿ, ಮೊಣಕಾಲು ಹೊಟ್ಟೆಗೆ ಸೇರುವ ಸಡಿಲ ಚರ್ಮದಡಿ ಕೊಡುತ್ತಾರೆ. ನೋವಿಗೆ ಮೆಲಾಕ್ಸಿಕಮ್. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು, ಸತ್ತ ದನಗಳನ್ನು ತಿಂದ ರಣಹದ್ದುಗಳ ಸಂತತಿಯನ್ನು ಬಹುಪಾಲು ಅಳಿಸಿಹಾಕಿ, 2006ರಲ್ಲಿ ಅದರ ಪಶು ಬಳಕೆ ನಿಷೇಧವಾದದ್ದು ನಿಮಗೆ ಗೊತ್ತಿರಬಹುದು. ವೈದ್ಯರ ಕಪಾಟಿನ ದೃಶ್ಯ ಬರೆದರೆ ಮೆಲಾಕ್ಸಿಕಮ್ ಎಂಬ ಹೆಸರು ತಪ್ಪಬೇಡಿ.

ಇನ್ನು ಗಾಯ. ಹೆಗಲಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂದಂಚಿನಲ್ಲಿ ತೆಳ್ಳಗಿನ ಚರ್ಮದ ಪಟ್ಟಿಯೊಂದಿದೆ, ವೈದ್ಯರು ಪಟೇಜಿಯಂ ಎನ್ನುತ್ತಾರೆ. ಅದರ ಅಂಚಿನಲ್ಲೇ ಒಂದು ಸ್ನಾಯುರಜ್ಜು ಹಾದುಹೋಗುತ್ತದೆ. ಕೊಡೆಯ ಬಟ್ಟೆಯನ್ನು ಅಂಚಿನ ಹೊಲಿಗೆ ಬಿಗಿಯಾಗಿ ಹಿಡಿದ ಹಾಗೆ ಅದು ರೆಕ್ಕೆಯನ್ನು ಹಿಡಿದಿರುತ್ತದೆ. ಚರ್ಮ ಮಾತ್ರ ಹರಿದಿದ್ದರೆ, ಹಕ್ಕಿ ಅದೇ ದಿನ ಬಂದಿದ್ದರೆ, ಹೊಲಿದು ಉಳಿಸಬಹುದು. ಒಂದು ದಿನ ಬಿಸಿಲಲ್ಲಿ ನೇತಾಡಿದ್ದರೆ ಚರ್ಮದ ಅಂಚು ಒಣಗಿ ಕಪ್ಪಾಗಿ ಹೊಲಿಗೆ ಹಿಡಿಯುವುದಿಲ್ಲ, ಗಾಯದಲ್ಲಿ ನೊಣ ಇಟ್ಟ ಮೊಟ್ಟೆ ಬನ್ಸಿ ರವೆಯಂತೆ ಅಂಟಿಕೊಂಡಿರುತ್ತದೆ. ಒಂದೊಂದನ್ನೂ ಚಿಮುಟದಿಂದ ತೆಗೆಯಬೇಕು. ರಜ್ಜು ಪೂರ್ತಿ ತುಂಡಾಗಿದ್ದರೆ ಆ ಹಕ್ಕಿ ಮತ್ತೆ ಹಾರುವುದು ಅಪರೂಪ. ನಿಮ್ಮ ಹದ್ದು ಕೊನೆಗೆ ಹಾರಬೇಕಾದ್ದರಿಂದ ಚರ್ಮ ಹರಿದಿದೆ, ರಜ್ಜು ಉಳಿದಿದೆ ಎಂದು ಬರೆಯಿರಿ.

ಹೊಲಿಗೆಯ ನಂತರದ ಹಂತದಲ್ಲಿ ನಿಮ್ಮ ಕತೆಗೆ ನಿಜವಾಗಿ ಬೇಕಾದ ಒಂದು ಸಂಗತಿ ಇದೆ. ಗಾಯ ಅಲುಗಬಾರದು ಎಂದು ರೆಕ್ಕೆಯನ್ನು ಮಡಿಸಿ ಎಂಟರ ಆಕಾರದಲ್ಲಿ ಪಟ್ಟಿ ಸುತ್ತುತ್ತಾರೆ. ಪಟ್ಟಿ ಬೇಕು, ಆದರೆ ಬಹಳ ದಿನ ಹಾಗೇ ಬಿಟ್ಟರೆ ಅದೇ ಕೇಡು. ಮಡಿಸಿಟ್ಟ ಚರ್ಮ ಕುಗ್ಗುತ್ತದೆ, ಕೀಲು ಬಿಗಿಯುತ್ತದೆ, ಗಾಯ ಪೂರ್ತಿ ಮಾಗಿದ ಮೇಲೂ ರೆಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೇ ಮೊದಲ ಕೆಲವು ದಿನ ಕಳೆದ ಮೇಲೆ, ವಾರಕ್ಕೆ ಎರಡು ಸಲ ಅರಿವಳಿಕೆ ಕೊಟ್ಟು, ಪಟ್ಟಿ ಬಿಚ್ಚಿ, ರೆಕ್ಕೆಯನ್ನು ಮೆಲ್ಲಗೆ ಎಷ್ಟು ಬಿಚ್ಚಿಕೊಳ್ಳುತ್ತದೋ ಅಷ್ಟು ಮಾತ್ರ ಹಿಗ್ಗಿಸಿ, ಹತ್ತೆಣಿಸುವಷ್ಟು ಹೊತ್ತು ಹಿಡಿದು, ಮತ್ತೆ ಮಡಿಸುತ್ತಾರೆ. ಇವತ್ತು ಅರ್ಧ ಬಿಚ್ಚಿದ್ದು ಮುಂದಿನ ವಾರ ಮುಕ್ಕಾಲು ಬಿಚ್ಚುತ್ತದೆ. ಆತುರಪಟ್ಟು ಎಳೆದರೆ ಹೊಸ ಚರ್ಮ ಹರಿಯುತ್ತದೆ. ಇದನ್ನು ಸುಮಾಳ ಮನಸ್ಸಿಗೆ ಹೋಲಿಸುವ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಅವಳು ಆ ಮೇಜಿನ ಪಕ್ಕ ನಿಂತು ಎಣಿಸಲಿ, ಸಾಕು. ಓದುಗರು ತಾವೇ ಹೋಲಿಸಿಕೊಳ್ಳುತ್ತಾರೆ.

ಆಹಾರದ ವಿಷಯ ಚುಟುಕಾಗಿ ಹೇಳುತ್ತೇನೆ. ಬಡಕಲಾಗಿ ಬಂದ ಹಕ್ಕಿಗೆ ಮೊದಲ ದಿನವೇ ಮಾಂಸ ಕೊಟ್ಟರೆ ಮೈಯ ಲವಣಗಳ ಸಮತೋಲ ತಪ್ಪಿ ಸಾಯಬಹುದು. ದ್ರವ, ಆಮೇಲೆ ಕೊಳವೆಯಲ್ಲಿ ತೆಳು ಆಹಾರ, ಆಮೇಲೆ ಮಾಂಸದ ಚೂರು. ಸುಧಾರಿಸಿದ ಮೇಲೆ ದಿನಕ್ಕೆ 60ರಿಂದ 90 ಗ್ರಾಂ, ಅದೂ ಮೂಳೆ ಸಮೇತ. ಬರೀ ಮೆತ್ತನೆ ಮಾಂಸ ತಿಂದು ಬೆಳೆದ ಮರಿಯ ಕಾಲಿನ ಮೂಳೆ ಸುಣ್ಣವಿಲ್ಲದೆ ಬಾಗಿಬಿಡುತ್ತದೆ. ಪ್ರತಿದಿನ ಬೆಳಿಗ್ಗೆ ತಿನ್ನುವ ಮೊದಲು ಒಂದೇ ಹೊತ್ತಿಗೆ ತೂಕ, ಹಿಕ್ಕೆಯ ಬಣ್ಣ, ಬಟ್ಟಲಲ್ಲಿ ಉಳಿದದ್ದೆಷ್ಟು ಎಲ್ಲವನ್ನೂ ಬರೆದಿಡಬೇಕು. ಹಿಕ್ಕೆ ಕಡುಹಸಿರಾಗಿದ್ದರೆ ಹಕ್ಕಿ ಏನೂ ತಿಂದಿಲ್ಲ ಎಂದರ್ಥ.

ಈಗ ಸುಮಾ. ಮೊದಲ ದಿನವೇ ಅವಳ ಕೈಗೆ ಹದ್ದನ್ನು ಯಾರೂ ಕೊಡುವುದಿಲ್ಲ. ಹೊಸಬರು ಮೊದಲ ವಾರಗಳಲ್ಲಿ ಮಾಡುವುದು ಪಂಜರದ ಕಾಗದ ಬದಲಿಸುವುದು, ಬಟ್ಟಲು ತೊಳೆಯುವುದು, ಮಾಂಸ ಹೆಚ್ಚುವುದು, ಟವೆಲ್ ಒಗೆಯುವುದು, ಹೆಚ್ಚೆಂದರೆ ಅಳಿಲುಮರಿಗೆ ಸಿರಿಂಜಿನಲ್ಲಿ ಹಾಲು ಕೊಡುವುದು. ಕೋತಿ, ಬಾವಲಿ, ಮುಂಗುಸಿಗಳ ಹತ್ತಿರ ಹೋಗುವ ಮುನ್ನ ರೇಬಿಸ್ ಮುನ್ನೆಚ್ಚರಿಕೆ ಲಸಿಕೆ ಹಾಕಿಸಿಕೊಳ್ಳಬೇಕು. ಈ ವಾರಗಳನ್ನು ನೀವು ಒಂದು ಪ್ಯಾರಾದಲ್ಲಿ ದಾಟಿಸಿದ್ದೀರಿ. ನನ್ನ ಮಾತು ಕೇಳುವುದಾದರೆ ಇದಕ್ಕೆ ಒಂದಿಡೀ ಅಧ್ಯಾಯ ಕೊಡಿ. ಆರು ತಿಂಗಳಿಂದ ನಾಳೆ ಏನಾಗುತ್ತದೋ ಎಂಬ ಭಯದಲ್ಲೇ ಬದುಕಿದವಳಿಗೆ, ಬೆಳಿಗ್ಗೆ ಏಳೂವರೆಗೆ ಹದಿನಾಲ್ಕು ಬಟ್ಟಲು ತೊಳೆಯಬೇಕು, ಎಂಟಕ್ಕೆ ತೂಕ ಬರೆಯಬೇಕು ಎಂಬ ಖಚಿತತೆಯೇ ಮೊದಲ ಆಸರೆ.

ನೀವು ಸೃಷ್ಟಿಸಿರುವ ಹಿರಿಯ ಸಹಾಯಕ ನಂಜಪ್ಪ ಈಗ ಬರೀ ಹಿನ್ನೆಲೆಯಲ್ಲಿದ್ದಾರೆ. ನಂಬಿಕೆಯ ಕತೆ ಇರುವುದು ಅವರಲ್ಲಿ. ಹದ್ದನ್ನು ಹಿಡಿಯುವ ಕ್ರಮವನ್ನೇ ನೋಡಿ. ಅಪಾಯ ಇರುವುದು ಕೊಕ್ಕಿಗಿಂತ ಕಾಲುಗುರಿನಲ್ಲಿ. ಮೂಲೆಗೆ ಸಿಕ್ಕಿದ ಹದ್ದು ಅಂಗಾತ ಬಿದ್ದು ಎರಡೂ ಕಾಲು ಚಾಚುತ್ತದೆ. ಮೇಲಿನಿಂದ ಟವೆಲ್ ಹಾಕಿ, ತಲೆ ಮುಚ್ಚಿ, ರೆಕ್ಕೆಗಳನ್ನು ಮೈಗೆ ಒತ್ತಿ, ಎರಡೂ ಕಾಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಕಾಲುಗಳ ನಡುವೆ ತೋರುಬೆರಳು ಇರಬೇಕು, ಇಲ್ಲದಿದ್ದರೆ ಮೂಳೆಗೆ ಮೂಳೆ ಉಜ್ಜಿ ಗಾಯವಾಗುತ್ತದೆ. ಎದೆ ಒತ್ತಬಾರದು. ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಯ ನಡುವೆ ಉಸಿರೆಳೆಯುವ ಸ್ನಾಯುವಿನ ಪರದೆ, ಇಲ್ಲ, ಎದೆಮೂಳೆ ಏರಿಳಿದರೇ ಉಸಿರು. ಬಿಗಿಯಾಗಿ ತಬ್ಬಿಕೊಂಡರೆ ಸದ್ದಿಲ್ಲದೆ ಉಸಿರು ಕಟ್ಟಿ ಸಾಯುತ್ತದೆ. ನಿಮ್ಮ ಐದನೇ ಅಧ್ಯಾಯದಲ್ಲಿ ಸುಮಾ ಹದ್ದನ್ನು 'ಎದೆಗವಚಿಕೊಳ್ಳುವ' ಸಾಲನ್ನು ದಯಮಾಡಿ ತೆಗೆಯಿರಿ.

ಪಟ್ಟಿ ಬದಲಿಸುವಾಗ ಹಕ್ಕಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ತೆಗೆದುಕೊಳ್ಳುವವರು ಹಿಡಿದಿರುವವರ ಕೈಯ ಮೇಲ್ಗಡೆ, ಹಕ್ಕಿಯ ತೊಡೆಯ ಹತ್ತಿರ ತಮ್ಮ ಬೆರಳು ತೂರಿಸಿ ಎರಡೂ ಕಾಲು ಹಿಡಿದು, 'ಸಿಕ್ತು' ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಮೊದಲಿನವರು ಬಿಡಬಾರದು. ತಲೆಯಾಡಿಸಿದರೆ ಸಾಲದು, ಇಬ್ಬರ ಕಣ್ಣೂ ಹಕ್ಕಿಯ ಮೇಲಿರುತ್ತದೆ. ಹೇಳದೆ ಬಿಟ್ಟರೆ ಒಂದು ಕಾಲು ಜಾರಿ ನಾಲ್ಕು ಉಗುರು ಯಾರದೋ ಅಂಗೈಯಲ್ಲಿ ಇಳಿಯುತ್ತದೆ, ಹಕ್ಕಿ ಬಡಿದಾಡಿ ಹೊಲಿಗೆ ಕಿತ್ತುಹೋಗುತ್ತದೆ. ಸುಮಾ ತಂಗಿಯ ಕೈ ಬಿಟ್ಟೆ ಎಂದು ಕೊರಗುವವಳು ಎಂದು ನೀವೇ ಬರೆದಿದ್ದೀರಿ. ಅವಳು ಮೊದಲ ಸಲ ಕಾಲು ಹಿಡಿದು ನಿಂತಾಗ ನಂಜಪ್ಪ 'ಸಿಕ್ತು, ಬಿಡಮ್ಮ' ಎನ್ನುತ್ತಾರೆ, ಅವಳ ಬೆರಳು ಬಿಚ್ಚುವುದಿಲ್ಲ. ಅವರು ಗದರದೆ ಇನ್ನೊಮ್ಮೆ ಅದೇ ದನಿಯಲ್ಲಿ 'ಸಿಕ್ತು' ಎನ್ನುತ್ತಾರೆ. ಅಷ್ಟೇ ದೃಶ್ಯ. ಇನ್ನೆರಡು ತಿಂಗಳಿಗೆ 'ನಂಜಪ್ಪಣ್ಣ, ಸಿಕ್ತು' ಎಂದು ಹೇಳುವವಳು ಅವಳಾಗುತ್ತಾಳೆ.

ಮಾತಾಡಿಸುವ, ಹಾಡು ಹೇಳುವ, ಕೈಯಾರೆ ತಿನ್ನಿಸುವ ಪುಟಗಳು ಹೋಗಬೇಕು. ಬೆಳೆದ ಹದ್ದಿಗೆ ಮನುಷ್ಯರ ದನಿ ಸಮಾಧಾನ ಕೊಡುವುದಿಲ್ಲ. ಹತ್ತಿರದಿಂದ ಬರುವ ದನಿ, ನೆಟ್ಟ ನೋಟ ಎರಡೂ ಅದಕ್ಕೆ ಬೇಟೆಗಾರ ಬಂದ ಸೂಚನೆ. ಪಂಜರಕ್ಕೆ ಬಟ್ಟೆಯ ಮರೆ, ಪಕ್ಕದಲ್ಲಿ ರೇಡಿಯೋ ಇಲ್ಲ, ಮೊಬೈಲ್ ಸದ್ದಿಲ್ಲ, ಒಳಗೆ ಹೋಗುವವರು ಓರೆಯಾಗಿ ನಿಂತು ನೆಲ ನೋಡುತ್ತಾ ಬಟ್ಟಲಿಟ್ಟು ಹಿಂದಕ್ಕೆ ಬರಬೇಕು. ಗೂಡಿನಿಂದ ಬಿದ್ದ ಮರಿಯಾದರೆ ಇನ್ನೂ ಎಚ್ಚರ ಬೇಕು. ಕಣ್ಣುಬಿಟ್ಟ ಮೊದಲ ವಾರಗಳಲ್ಲಿ ಯಾರು ತಿನ್ನಿಸುತ್ತಾರೋ ಅವರನ್ನೇ ತನ್ನ ಜಾತಿ ಎಂದು ಅದು ಅಚ್ಚೊತ್ತಿಕೊಳ್ಳುತ್ತದೆ, ಆಮೇಲೆ ಅಳಿಸಲು ಬರುವುದಿಲ್ಲ. ಅದಕ್ಕೇ ಮುಖ ಮುಚ್ಚಿಕೊಂಡು ಹದ್ದಿನ ತಲೆಯಾಕಾರದ ಕೈಗವಸಿನಿಂದ ತಿನ್ನಿಸುತ್ತಾರೆ, ಸಾಧ್ಯವಾದರೆ ಬೇರೆ ಮರಿಗಳ ಜೊತೆ ಬಿಡುತ್ತಾರೆ. ಪ್ರೀತಿ ತೋರಿಸಬೇಕೆಂದಾಗ ತೋರಿಸದೆ ಇರುವುದೇ ಇಲ್ಲಿಯ ಆರೈಕೆ. ಸುಮಾಳಿಗೆ ಇದು ಕಷ್ಟವಾಗಲಿ. ತನ್ನಿಂದ ಏನನ್ನೂ ಬಯಸದ, ಕೃತಜ್ಞತೆಯನ್ನೂ ತೋರದ ಜೀವವೊಂದರ ಹತ್ತಿರ ದಿನಾ ಹೋಗಿಬರುವುದು, ಸಂತೈಸಲು ಬರುವ ನೆಂಟರಿಂದ ಬೇಸತ್ತವಳಿಗೆ ಎಂಥ ಬಿಡುವು ಎಂಬುದನ್ನೂ ಬರೆಯಿರಿ.

ಮನಸ್ಸಿನ ಗಾಯದ ಭಾಗದಲ್ಲಿ ಒಂದು ಗಂಭೀರ ದೋಷವಿದೆ. ನೀವು ಬರೆದ ಲಕ್ಷಣಗಳು, ಅಂದರೆ ಕನಸಿನಲ್ಲಿ ಅಪಘಾತ ಮರುಕಳಿಸುವುದು, ಆ ರಸ್ತೆಯನ್ನೇ ಬಿಟ್ಟು ಓಡಾಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ತನ್ನದೇ ತಪ್ಪು ಎಂಬ ಭಾವ, ಒಂದು ತಿಂಗಳು ಮೀರಿ ಉಳಿದು ದಿನದ ಬದುಕನ್ನು ಕೆಡಿಸಿದರೆ ವೈದ್ಯರು ಪಿಟಿಎಸ್‌ಡಿಯನ್ನು, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಯನ್ನು, ಪರಿಶೀಲಿಸುತ್ತಾರೆ. ಅದಕ್ಕೆ ನಿರ್ದಿಷ್ಟ ಮಾತಿನ ಚಿಕಿತ್ಸೆಗಳಿವೆ, ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಎಂಟರಿಂದ ಹನ್ನೆರಡು ಭೇಟಿ. ನಿಮ್ಹಾನ್ಸ್ ಇರುವ ಊರಿನಲ್ಲಿ ಕತೆ ನಡೆಯುತ್ತಿದೆ. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಹದ್ದೊಂದೇ ಅವಳನ್ನು ಗುಣಪಡಿಸಿತು ಎಂದು ಬರೆದರೆ, ಇದೇ ನೋವಿನಲ್ಲಿರುವ ಓದುಗರಿಗೆ ನೀವು ತಪ್ಪು ದಾರಿ ತೋರಿಸಿದಂತೆ. ಚಿಕಿತ್ಸೆಯೂ ನಡೆಯಲಿ, ಕೆಲಸವೂ ನಡೆಯಲಿ.

ಈ ಕೆಲಸ ಗಾಯವನ್ನು ಕೆದಕಲೂಬಹುದು. ರಕ್ತದ, ಸ್ಪಿರಿಟ್ಟಿನ ವಾಸನೆ ಅಪಘಾತದ ರಾತ್ರಿಯನ್ನು ವಾಪಸ್ ತರುತ್ತದೆ. ಪೆಟ್ಟಿಗೆಯೊಳಗೆ ಹಕ್ಕಿ ತಟ್ಟನೆ ಬಡಿದುಕೊಂಡಾಗ ಅವಳು ಬಟ್ಟಲು ಬೀಳಿಸಿ ಹೊರಗೆ ಓಡಬಹುದು. ಸಾವುಗಳಂತೂ ಇದ್ದೇ ಇರುತ್ತವೆ. ಮೊಣಕೈ ಕೀಲೇ ಒಡೆದ, ರಜ್ಜು ತುಂಡಾಗಿ ರೆಕ್ಕೆ ಕೊಳೆತ ಹದ್ದಿಗೆ ಅರಿವಳಿಕೆ ಕೊಟ್ಟು ಜೀವ ಮುಗಿಸುವ ನಿರ್ಧಾರವನ್ನು ವೈದ್ಯರು ತೆಗೆದುಕೊಳ್ಳಬೇಕಾಗುತ್ತದೆ. ನಿಮ್ಮ ಕರಡಿನಲ್ಲಿ ಒಂದು ಹಕ್ಕಿಯೂ ಸತ್ತಿಲ್ಲ. ಕನಿಷ್ಠ ಒಂದು ಸಾಯಬೇಕು, ಅದೂ ಸುಮಾ ತೂಕ ಬರೆಯುತ್ತಿದ್ದ ಹಕ್ಕಿಯೇ ಆಗಬೇಕು. ಎರಡು ದಿನ ಅವಳು ಬರದೆ ಇರಲಿ. ಮೂರನೇ ದಿನ ಬಂದಾಗ ನಂಜಪ್ಪ ಏನೂ ಕೇಳದೆ ಚಾಕು, ಹಲಗೆ ಮುಂದಿಟ್ಟು ಮಾಂಸ ಹೆಚ್ಚಲು ಜಾಗ ಮಾಡಿಕೊಡಲಿ.

ಕೊನೆಗೆ ಬಿಡುಗಡೆ. ಗಾಯ ಮಾಗಿದ ಮಾತ್ರಕ್ಕೆ ಬಿಡುವುದಿಲ್ಲ, ವಾರಗಟ್ಟಲೆ ಕೂತ ಹಕ್ಕಿಯ ಎದೆಸ್ನಾಯು ಸೊರಗಿರುತ್ತದೆ. ಉದ್ದನೆಯ ಹಾರಾಟದ ಪಂಜರಕ್ಕೆ ಹಾಕುತ್ತಾರೆ. ಗೋಡೆ ಬಲೆಯದ್ದೋ ನಿಲುವು ಪಟ್ಟಿಯದ್ದೋ ಆಗಿರಬೇಕು, ತಂತಿಜಾಲರಿಯಾದರೆ ಗರಿ ಸವೆಯುತ್ತದೆ. ಕೂರುವ ಕೋಲಿಗೆ ತೆಂಗಿನ ನಾರಿನ ಹಗ್ಗ ಸುತ್ತಬೇಕು, ನುಣ್ಣನೆಯ ಕೊಳವೆಯ ಮೇಲೆ ಕೂತು ಕೂತು ಅಂಗಾಲು ಬಾತುಕೊಳ್ಳುತ್ತದೆ. ಕೆಳಗಿನ ಕೋಲಿನಿಂದ ಮೇಲಿನ ಕೋಲಿಗೆ ಏರಿ ಹಾರುತ್ತದೆಯೇ, ಎರಡೂ ರೆಕ್ಕೆ ಸಮನಾಗಿ ಬಡಿಯುತ್ತದೆಯೇ, ಹತ್ತು ಸಲ ಅತ್ತಿತ್ತ ಹಾರಿದ ಮೇಲೂ ಬಾಯಿ ತೆರೆದು ಏದುಸಿರು ಬಿಡದೆ ಇರುತ್ತದೆಯೇ, ಮಳೆ ಬಿದ್ದರೆ ಗರಿಯ ಮೇಲೆ ನೀರು ಜಾರುತ್ತದೆಯೇ, ಮನುಷ್ಯರು ಒಳಬಂದರೆ ದೂರದ ಮೂಲೆಗೆ ಹೋಗುತ್ತದೆಯೇ ಎಂದು ನೋಡುತ್ತಾರೆ. ಆಷಾಢದಲ್ಲಿ ಬಂದ ಹದ್ದು ನವರಾತ್ರಿಯ ಹೊತ್ತಿಗೆ ಸಿದ್ಧವಾದರೆ ಲೆಕ್ಕ ಸರಿಹೋಗುತ್ತದೆ.

ಸಿಕ್ಕಿದ ಜಾಗದ ಹತ್ತಿರವೇ, ಬೇರೆ ಹದ್ದುಗಳಿರುವ ಕಡೆ ಬಿಡಬೇಕು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸು ಎಂದಿಟ್ಟುಕೊಳ್ಳಬಹುದು. ಮಳೆಯಿಲ್ಲದ ದಿನ, ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ. ಬಿಸಿಲು ಹತ್ತಿ ಗಾಳಿ ಮೇಲೇಳಲು ಶುರುವಾಗಿರುತ್ತದೆ, ಕತ್ತಲಾಗುವ ಮೊದಲು ಜಾಗ ಹುಡುಕಿಕೊಳ್ಳಲು ಇಡೀ ದಿನವಿರುತ್ತದೆ. ಎತ್ತರದ ಮಹಡಿಯ ಮೇಲೆ ಪೆಟ್ಟಿಗೆಯ ಬಾಯಿ ಬಯಲಿಗೆ ಮಾಡಿ ತೆರೆದು, ಎಲ್ಲರೂ ಹಿಂದೆ ನಿಲ್ಲಬೇಕು. ಆಕಾಶಕ್ಕೆ ಎಸೆಯುವುದು ಫೋಟೋಗಷ್ಟೇ ಚಂದ. ಹಕ್ಕಿ ತಟ್ಟನೆ ಹೋಗಬಹುದು, ಅಥವಾ ಪೆಟ್ಟಿಗೆಯ ಅಂಚಿನಲ್ಲಿ ಅರ್ಧ ಗಂಟೆ ಕೂರಬಹುದು. ಓಡಿಸಬಾರದು, ಕಾಯಬೇಕು. ಕಾಗೆಗಳು ಅಟ್ಟಿಸಿಕೊಂಡು ಬಂದರೆ ಅದು ಹೇಗೆ ತಪ್ಪಿಸಿಕೊಳ್ಳುತ್ತದೆ ಎಂದು ನೋಡಬೇಕು. ಮೇಲೆ ಸುತ್ತುವ ಹತ್ತಾರು ಹದ್ದುಗಳ ನಡುವೆ ಸೇರಿಕೊಂಡರೆ ಐದು ನಿಮಿಷಕ್ಕೆ ಅದು ಯಾವುದು, ಉಳಿದವು ಯಾವುವು ಎಂದು ಸುಮಾಳಿಗೂ ಗೊತ್ತಾಗುವುದಿಲ್ಲ. ತೋಳಿನ ಮೇಲೆ ಕೂರುವ ದೃಶ್ಯದ ಬದಲಿಗೆ ಇದನ್ನು ಇಡಿ. ಅವಳು ಅಳಬಹುದು. ಆದರೆ ಪೆಟ್ಟಿಗೆ ತೆರೆದು ಹಿಂದಕ್ಕೆ ಬಂದ ಮೇಲೆ, ಮೆಟ್ಟಿಲ ಹತ್ತಿರ ನಂಜಪ್ಪನವರ ಪಕ್ಕ, ಹದ್ದಿಗೆ ಕೇಳಿಸದಷ್ಟು ದೂರದಲ್ಲಿ.